ಸಣ್ಣ ಮಿನಿಯೇಚರ್ ತಯಾರಕರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನು ಹೂಡಿ ಆಡುವ ಯುದ್ಧದಾಟದಲ್ಲಿ ನಾನು ತೊಡಗಿಕೊಂಡು ಬಹಳ ವರ್ಷಗಳಾದವು. ಆಟದ ನಡುವೆ, ಬಣ್ಣ ಹಚ್ಚಲು ಒಟ್ಟಿಗೆ ಕೂತಾಗ, ಗೆಳೆಯರ ಪತ್ರಗಳಲ್ಲಿ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆಗಳು ಇಬ್ಬರು ಮೂವರು ಸೇರಿ ನಡೆಸುವ, ತಿಂಗಳಿಗೆ ಒಂದೆರಡು ಮಿನಿಯೇಚರ್ ಗೊಂಬೆಗಳನ್ನಷ್ಟೇ ಹೊರತರುವ, ದುಬಾರಿ ಎನಿಸುವ ತಯಾರಕರ ಕುರಿತಾಗಿಯೇ ಇರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಸಣ್ಣ ತಯಾರಕರು ಎಂದರೆ ಎಷ್ಟು ಸಣ್ಣವರು?

ಬಹುಪಾಲು ಒಂದು ಮನೆಯಷ್ಟು. ಒಬ್ಬ ಶಿಲ್ಪಿ, ಎರಕ ಹೊಯ್ಯುವವರು ಒಬ್ಬರು, ಪೊಟ್ಟಣ ಕಟ್ಟಿ ಅಂಚೆಗೆ ಹಾಕುವವರು ಒಬ್ಬರು. ಎಷ್ಟೋ ಕಡೆ ಈ ಮೂರೂ ಒಬ್ಬರೇ. ಇನ್ನೊಂದು ತುದಿಯಲ್ಲಿ ಗೇಮ್ಸ್ ವರ್ಕ್‌ಶಾಪ್ ಇದೆ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಶುರು ಮಾಡಿದ ಆ ಸಂಸ್ಥೆಗೆ ಇಂದು ಸ್ವಂತ ಕಾರ್ಖಾನೆ, ಹಲವು ದೇಶಗಳಲ್ಲಿ ನೂರಾರು ಅಂಗಡಿಗಳಿವೆ, ಷೇರು ಪೇಟೆಯಲ್ಲಿ ಅದರ ವಹಿವಾಟು ನಡೆಯುತ್ತದೆ. ನಡುವೆ ಸ್ಪೇನಿನ ಕಾರ್ವಸ್ ಬೆಲ್ಲಿಯಂಥವರಿದ್ದಾರೆ. 2005ರಲ್ಲಿ ‘ಇನ್ಫಿನಿಟಿ’ ಎಂಬ ಆಟ ತಂದ ಇವರು ಲೋಹದ ಎರಕದಲ್ಲಿ ಎಷ್ಟು ತೆಳುವಾದ ಬೆರಳು, ಎಷ್ಟು ಸಹಜವಾದ ನಿಲುವು ತರಬಹುದೆಂದು ತೋರಿಸಿಕೊಟ್ಟರು.

ಸಣ್ಣವರೆಲ್ಲರೂ ಪ್ರೀಮಿಯಂ ಅಲ್ಲ ಎಂಬುದನ್ನೂ ಹೇಳಬೇಕು. ಅಗ್ಗವಾಗಿ, ರಾಶಿಯಾಗಿ ಮಾಡುವ ಸಣ್ಣವರೂ ಇದ್ದಾರೆ. ಇಲ್ಲಿ ನಾನು ಹೇಳುತ್ತಿರುವುದು ಒಂದು ಗೊಂಬೆಯ ಮೇಲೆ ವಾರಗಟ್ಟಲೆ ಕೂತು, ಅದಕ್ಕೆ ತಕ್ಕ ಬೆಲೆ ಕೇಳುವವರ ಬಗ್ಗೆ.

ದೊಡ್ಡ ಕಂಪನಿಯ ಪೆಟ್ಟಿಗೆಯಲ್ಲಿ ಹತ್ತು ಸೈನಿಕರು ಬರುವ ದುಡ್ಡಿಗೆ ಇವರು ಒಂದೇ ಗೊಂಬೆ ಕೊಡುತ್ತಾರಲ್ಲ, ಇದು ಯಾವ ನ್ಯಾಯ?

ಉತ್ತರವೆಲ್ಲ ಅಚ್ಚಿನಲ್ಲಿದೆ. ಅದೊಂದು ಅರ್ಥವಾದರೆ ಈ ಹವ್ಯಾಸದ ಅರ್ಧ ವ್ಯವಹಾರ ಅರ್ಥವಾದಂತೆ.

ದೊಡ್ಡವರು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ, ಭಾರೀ ಒತ್ತಡದಲ್ಲಿ ಲೋಹದ ಅಚ್ಚಿನೊಳಕ್ಕೆ ನುಗ್ಗಿಸುತ್ತಾರೆ. ಅಚ್ಚು ಕೊರೆಯುವ ಖರ್ಚು ಬಹಳ ದೊಡ್ಡದು. ಒಮ್ಮೆ ಕೊರೆದರೆ ಲಕ್ಷಗಟ್ಟಲೆ ಪ್ರತಿ ತೆಗೆಯಬಹುದು, ಪ್ರತಿಯೊಂದಕ್ಕೆ ತಗಲುವ ವೆಚ್ಚ ಚಿಲ್ಲರೆ. ಹಾಗಾಗಿ ಸಾವಿರಾರು ಜನ ಕೊಳ್ಳುತ್ತಾರೆಂಬ ನಂಬಿಕೆಯಿದ್ದರೆ ಮಾತ್ರ ಅವರು ಒಂದು ಗೊಂಬೆಗೆ ಕೈ ಹಾಕಬಲ್ಲರು.

ಸಣ್ಣವರು ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ಪಾಲಿಯುರೆಥೇನ್ ರೆಸಿನ್ ಹೊಯ್ಯುತ್ತಾರೆ. ಎರಡು ದ್ರವಗಳನ್ನು ಅಳೆದು ಬೆರೆಸಿದ ಮೇಲೆ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಅಷ್ಟರೊಳಗೆ ಅಚ್ಚಿಗೆ ಹೊಯ್ದು, ಒತ್ತಡದ ಪಾತ್ರೆಯಲ್ಲಿಟ್ಟು ಗಾಳಿಗುಳ್ಳೆಗಳನ್ನು ಅಡಗಿಸಬೇಕು. ಗಟ್ಟಿಯಾದ ಮೇಲೆ ಒಂದೊಂದನ್ನೂ ಕೈಯಿಂದ ಬಿಡಿಸಿ ನೋಡಬೇಕು. ಪ್ರತಿ ಎರಕವೂ ಸಿಲಿಕೋನನ್ನು ಒಂದಿಷ್ಟು ತಿನ್ನುತ್ತದೆ. ಹತ್ತಾರು ಪ್ರತಿಗಳಾಗುವ ಹೊತ್ತಿಗೆ ಬೆರಳ ಸಂದಿ, ಕಂಕುಳು, ಮೇಲಂಗಿಯ ಮಡಿಕೆಯಂಥ ಕಡೆ ಅಚ್ಚು ಹರಿಯುತ್ತದೆ. ಮತ್ತೆ ಹೊಸ ಅಚ್ಚು.

ಕೇಳುವುದಕ್ಕೆ ಇದು ಬರೀ ನಷ್ಟದ ಬಾಬತ್ತು ಎನಿಸಬಹುದು. ಆದರೆ ಇದೇ ಅಚ್ಚು ಎರಡು ವರಗಳನ್ನೂ ಕೊಡುತ್ತದೆ. ಸಿಲಿಕೋನ್ ಬಾಗುತ್ತದೆ. ಒಳಕ್ಕೆ ಕೊರೆದು ಹೋದ ಮಡಿಕೆಯಿಂದಲೂ ಗೊಂಬೆಯನ್ನು ಹಿಗ್ಗಿಸಿ ಬಿಡಿಸಬಹುದು. ಲೋಹದ ಅಚ್ಚು ಬಾಗುವುದಿಲ್ಲ. ಅಲ್ಲಿ ಆ ಮಡಿಕೆ ಬೇಕೆಂದರೆ ಗೊಂಬೆಯನ್ನು ಹೋಳು ಮಾಡಬೇಕು, ಇಲ್ಲವೇ ಮಡಿಕೆಯನ್ನು ತುಂಬಿಬಿಡಬೇಕು. ಎರಡನೆಯದು ಇನ್ನೂ ಮುಖ್ಯವಾದದ್ದು: ಅಚ್ಚಿನ ಖರ್ಚು ಕಡಿಮೆಯಾದ್ದರಿಂದ ನೂರಿನ್ನೂರು ಜನ ಕೊಂಡರೂ ಗೊಂಬೆ ತನ್ನ ಖರ್ಚನ್ನು ತಾನು ಹೊರುತ್ತದೆ. ಕುಂಟುವ ಮುದುಕಿ ಧ್ವಜ ಹಿಡಿದು ನಿಂತಂತಹ, ಪಡೆಗೆ ಒಬ್ಬರಿಗಿಂತ ಹೆಚ್ಚು ಬೇಡದ ಪಾತ್ರವನ್ನು ಸಣ್ಣವರಷ್ಟೇ ಧೈರ್ಯವಾಗಿ ಮಾಡಬಲ್ಲರು. ನೀವು ಹೆಚ್ಚು ಕೊಡುವ ದುಡ್ಡು ಆ ಧೈರ್ಯಕ್ಕೆ ಸಲ್ಲುತ್ತದೆ.

28 ಮಿ.ಮೀ. ಎಂದು ಬರೆದಿದ್ದರು. ನನ್ನ ಬಳಿಯಿರುವ 28 ಮಿ.ಮೀ. ಗೊಂಬೆಯ ಪಕ್ಕ ಇಟ್ಟರೆ ಇವನು ಮಗುವಿನಂತೆ ಕಾಣುತ್ತಾನೆ. ಮೋಸ ಹೋದೆನೇ?

ಮೋಸವೇನಿಲ್ಲ, ಅಳೆಯುವ ಪದ್ಧತಿಯಲ್ಲೇ ಗೊಂದಲವಿದೆ. ಕೆಲವರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಇದರ ಜೊತೆಗೆ ‘ಹೀರೋಯಿಕ್’ ಎನ್ನುವ ಶೈಲಿಯಲ್ಲಿ ತಲೆ, ಅಂಗೈ, ಆಯುಧಗಳನ್ನು ಬೇಕೆಂದೇ ದಪ್ಪ ಮಾಡುತ್ತಾರೆ, ಮೂರು ಅಡಿ ದೂರದಿಂದಲೂ ಗುರುತು ಸಿಗಲೆಂದು. ಪ್ರೀಮಿಯಂ ತಯಾರಕರಲ್ಲಿ ಬಹಳ ಮಂದಿ ಮನುಷ್ಯದೇಹದ ನಿಜವಾದ ಪ್ರಮಾಣವನ್ನೇ ಹಿಡಿಯುತ್ತಾರೆ. ಎತ್ತರ ಸಮವಿದ್ದರೂ ಅವರ ಯೋಧ ಪಕ್ಕದವನೆದುರು ಬಡಕಲಾಗಿ ಕಾಣುವುದು ಇದರಿಂದ. ಕೊಳ್ಳುವ ಮುನ್ನ ನಿಮ್ಮಲ್ಲಿರುವ ಗೊಂಬೆಯ ಹೆಸರು ಹೇಳಿ, ಎರಡನ್ನೂ ಪಕ್ಕದಲ್ಲಿಟ್ಟ ಚಿತ್ರ ಕಳಿಸುವಿರಾ ಎಂದು ತಯಾರಕರನ್ನೇ ಕೇಳಿ. ಸಣ್ಣವರ ಬಳಿ ಈ ಸೌಕರ್ಯವಿದೆ: ಪತ್ರ ಬರೆದರೆ ಶಿಲ್ಪಿಯೇ ಉತ್ತರಿಸುತ್ತಾರೆ.

ನಾನು ಈಗಷ್ಟೇ ಆರಂಭಿಸಿದ್ದೇನೆ. ಇವರಿಂದಲೇ ಶುರು ಮಾಡಲೇ?

ಬೇಡ. ಮೊದಲ ಇಪ್ಪತ್ತು ಗೊಂಬೆಗಳು ಕೈ ಪಳಗುವುದಕ್ಕೆ. ಅವು ಪ್ಲಾಸ್ಟಿಕ್ಕಿನದಾಗಿರಲಿ, ತಪ್ಪಿದರೆ ಮನಸ್ಸು ನೋಯದಂತಿರಲಿ. ಕುಂಚ ನಿಮ್ಮ ಮಾತು ಕೇಳತೊಡಗಿದ ಮೇಲೆ ಒಂದೇ ಒಂದು ಒಳ್ಳೆಯ ಗೊಂಬೆ ತನ್ನಿ.

## ಪೊಟ್ಟಣ ಬಿಚ್ಚಿದ ಮೇಲೆ

ಬಣ್ಣ ಹಿಡಿಯುತ್ತಿಲ್ಲ, ಕತ್ತಿ ಬಾಗಿದೆ, ಪ್ಲಾಸ್ಟಿಕ್ ಅಂಟು ಹಾಕಿದರೆ ಕೈ ಕಳಚಿ ಬೀಳುತ್ತದೆ. ಇಷ್ಟು ದುಡ್ಡು ಕೊಟ್ಟು ಕೊಂಡದ್ದು ಹೀಗೇಕೆ?

ಮೂರಕ್ಕೂ ಕಾರಣ ರೆಸಿನ್ನಿನ ಗುಣ. ಗೊಂಬೆ ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಒಳಗೆ ಜಾರುಕ ದ್ರವ ಬಳಿದಿರುತ್ತಾರೆ. ಅದರ ಜಿಡ್ಡು ಉಳಿದರೆ ಬಣ್ಣ ನಿಲ್ಲುವುದಿಲ್ಲ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಒಣಗಿಸಿ. ಬಾಗಿದ ಕತ್ತಿಯನ್ನು ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿದರೆ ಮೆತ್ತಗಾಗುತ್ತದೆ. ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿ, ಹಾಗೆಯೇ ನಿಲ್ಲುತ್ತದೆ.

ಇನ್ನು ಅಂಟು. ಪ್ಲಾಸ್ಟಿಕ್ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ, ರೆಸಿನ್ನಿನ ಮೇಲೆ ಅದರ ಆಟ ನಡೆಯುವುದಿಲ್ಲ. ಸೂಪರ್ ಗ್ಲೂ ಬಳಸಿ. ಭಾರದ ತುಂಡಾದರೆ ಎರಡೂ ಬದಿಗೆ ಸಣ್ಣ ತೂತು ಕೊರೆದು ನಡುವೆ ಹಿತ್ತಾಳೆ ತಂತಿಯ ಮೊಳೆ ಕೂರಿಸಿ ಅಂಟಿಸಿ.

ಒಂದು ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ: ರೆಸಿನ್ ಉಜ್ಜಿದಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರಿನಲ್ಲಿ ಅದ್ದಿಕೊಂಡೇ ಉಜ್ಜಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ.

ಗಾಳಿಗುಳ್ಳೆ, ಅಚ್ಚಿನ ಗೆರೆ ಕಂಡರೆ ವಾಪಸ್ ಕಳಿಸಬಹುದೇ?

ಅಚ್ಚಿನ ಎರಡು ಹೋಳುಗಳು ಸೇರುವ ಕಡೆ ಕೂದಲೆಳೆಯಷ್ಟು ಗೆರೆ ಇದ್ದೇ ಇರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಹೆರೆಯುವುದು ನಮ್ಮ ಪಾಲಿನ ಕೆಲಸ. ಬೂಟಿನಡಿಯ ಗುಳ್ಳೆಯನ್ನು ಎಪಾಕ್ಸಿ ಪುಟ್ಟಿ, ಅಂದರೆ ಕಲಸಿಟ್ಟ ಮೇಲೆ ಗಟ್ಟಿಯಾಗುವ ಮೆತ್ತೆ, ಮುಚ್ಚುತ್ತದೆ. ಮುಖದ ಮೇಲೆ ಗುಳ್ಳೆಯಿದ್ದರೆ, ಅಚ್ಚು ಸರಿದು ಕಣ್ಣೊಂದು ಕೆಳಗೆ ಕಣ್ಣೊಂದು ಮೇಲೆ ಹೋಗಿದ್ದರೆ, ಆ ತುಂಡನ್ನು ಬದಲಿಸಿ ಕೊಡಿ ಎಂದು ಚಿತ್ರಸಮೇತ ಬರೆಯಿರಿ. ಪ್ರೀಮಿಯಂ ಬೆಲೆ ತೆಗೆದುಕೊಂಡವರು ಮುಖಕ್ಕೆ ಹೊಣೆಯಾಗಲೇಬೇಕು. ಈ ಮಾತನ್ನು ಅವರ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ.

## ಆಟದ ಮೇಜಿನ ಮೇಲೆ

ಪಂದ್ಯಾವಳಿಗೆ ಇವನ್ನು ಒಯ್ಯಬಹುದೇ?

ಯಾರು ನಡೆಸುವ ಪಂದ್ಯ ಎಂಬುದರ ಮೇಲೆ ಹೋಗುತ್ತದೆ. ಗೇಮ್ಸ್ ವರ್ಕ್‌ಶಾಪ್ ತಾನೇ ನಡೆಸುವ ಪಂದ್ಯಗಳಲ್ಲಿ ತನ್ನ ಗೊಂಬೆಗಳನ್ನೇ ಬಯಸುತ್ತದೆ. 1987ರಿಂದ ಹೆಸರಾಗಿರುವ ಅದರ ಬಣ್ಣಗಾರಿಕೆಯ ಸ್ಪರ್ಧೆ ಗೋಲ್ಡನ್ ಡೀಮನ್‌ಗೂ ಇದೇ ಕಟ್ಟಳೆ. ಬೇರೆಯವರು ನಡೆಸುವ ಪಂದ್ಯಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ನೋಡುತ್ತಾರೆ: ಪೀಠದ ಅಳತೆ ಸರಿಯಿದೆಯೇ, ಎತ್ತರ ಮೂಲ ಗೊಂಬೆಗೆ ಹತ್ತಿರವಿದೆಯೇ, ಕೈಯಲ್ಲಿರುವ ಆಯುಧ ಎದುರಾಳಿಗೆ ನೋಡಿದೊಡನೆ ತಿಳಿಯುತ್ತದೆಯೇ. ಎತ್ತರಕ್ಕೆ ಬೆಲೆ ಬರುವುದು ದೃಷ್ಟಿರೇಖೆಯಿಂದ, ಅಂದರೆ ಒಂದು ಗೊಂಬೆ ನಿಂತ ಜಾಗದಿಂದ ಇನ್ನೊಂದು ಕಾಣುತ್ತದೆಯೇ ಎಂಬುದರಿಂದ. ಮಂಡಿಯೂರಿ ಕೂತ ಸೇನಾಪತಿ ಗೋಡೆಯ ಹಿಂದೆ ಪೂರ್ತಿ ಮರೆಯಾಗುತ್ತಾನೆ, ಅದು ಎದುರಿನವರಿಗೆ ಅನ್ಯಾಯ. ಮೊದಲೇ ಚಿತ್ರ ಕಳಿಸಿ ಒಪ್ಪಿಗೆ ಪಡೆದುಕೊಳ್ಳಿ.

ಗೊಂಬೆ ಮನಸ್ಸಿಗೆ ಹಿಡಿಸಿತು, ಆದರೆ ಅದಕ್ಕೆ ಆಟವೇ ಇಲ್ಲ. ಕೊಂಡು ಏನು ಮಾಡಲಿ?

ಯಾರ ಗೊಂಬೆಯಾದರೂ ಸರಿ ಎನ್ನುವ ಆಟಗಳು ಈಗ ಧಾರಾಳವಾಗಿವೆ. 2015ರಲ್ಲಿ ಬಂದ ‘ಫ್ರಾಸ್ಟ್‌ಗ್ರೇವ್’ನಲ್ಲಿ ಒಬ್ಬ ಮಾಂತ್ರಿಕ, ಅವನ ಶಿಷ್ಯ, ಬೆರಳೆಣಿಕೆಯ ಬಂಟರು ಸಾಕು. ಒಬ್ಬೊಬ್ಬರನ್ನೂ ಬೇರೆ ಬೇರೆ ಶಿಲ್ಪಿಯಿಂದ ತರಬಹುದು. ಸಣ್ಣ ತಯಾರಕರಿಗೆಂದೇ ಹೇಳಿ ಮಾಡಿಸಿದಂತಿದೆ. ಎರಡನೆಯ ಮಹಾಯುದ್ಧದ ‘ಬೋಲ್ಟ್ ಆಕ್ಷನ್’, ಮಧ್ಯಯುಗದ ‘ಸಾಗಾ’ ಕೂಡ ಇದೇ ಜಾತಿಯವು. ಇತಿಹಾಸದ ಯುದ್ಧಗಳನ್ನು ಆಡುವವರು ಮೊದಲಿನಿಂದಲೂ ನಿಯಮಪುಸ್ತಕ ಒಬ್ಬರಿಂದ, ಗೊಂಬೆ ಇನ್ನೊಬ್ಬರಿಂದ ತಂದವರು. ನೆಪೋಲಿಯನ್ನನ ಕಾಲಾಳುವಿನ ಸಮವಸ್ತ್ರದ ಮೇಲೆ ಯಾವ ಕಂಪನಿಗೂ ಹಕ್ಕಿಲ್ಲವಲ್ಲ.

ಇಡೀ ಸೈನ್ಯವನ್ನೇ ಇವರಿಂದ ಕಟ್ಟಿದರೆ ಹೇಗೆ?

ಜೇಬು ಒಪ್ಪಿದರೂ ಕಣ್ಣು ಒಪ್ಪುವುದಿಲ್ಲ. ಅರವತ್ತು ಜನರೂ ನಾಯಕನಂತೆ ನಿಂತರೆ ನಾಯಕ ಯಾರೆಂದೇ ತಿಳಿಯುವುದಿಲ್ಲ. ನನ್ನದೊಂದು ಪಡೆಯಲ್ಲಿ ನಲವತ್ತು ಭಲ್ಲೆಗಾರರು ಸಾಧಾರಣ ಪ್ಲಾಸ್ಟಿಕ್ಕಿನವರು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದಾರೆ, ಇರಲಿ ಎಂದೇ ಇಟ್ಟಿದ್ದೇನೆ. ಅವರ ಮುಂದೆ ರೆಸಿನ್ನಿನ ಒಬ್ಬ ದಳಪತಿ. ಎಡಗಾಲಿನ ಪಾದರಕ್ಷೆಯ ಪಟ್ಟಿ ಹರಿದು ಗಂಟು ಹಾಕಿಕೊಂಡಿದ್ದಾನೆ. ಗಂಟು ಗಸಗಸೆ ಕಾಳಿಗಿಂತ ಚಿಕ್ಕದು. ಬಣ್ಣ ಹಚ್ಚುವಾಗ ಭೂತಗನ್ನಡಿಯಡಿ ಅದು ಕಂಡ ಗಳಿಗೆಯಿಂದ ಅವನು ದೂರ ನಡೆದು ಬಂದವನೆಂದು ನನಗೆ ತಿಳಿಯಿತು. ಪಾದರಕ್ಷೆಗಳಿಗೆ ಹೊಳಪು ಕೊಡಬೇಕೆಂದಿದ್ದವನು ಮೊಣಕಾಲವರೆಗೆ ಧೂಳಿನ ಬಣ್ಣ ಕೊಟ್ಟೆ, ಆಮೇಲೆ ಹಿಂದಿನ ನಲವತ್ತು ಜನರ ಕಾಲಿಗೂ ಅದೇ ಧೂಳು ಹತ್ತಿತು.

## ವ್ಯವಹಾರ, ಕಾನೂನು, ಭವಿಷ್ಯ

ಮಾತೆತ್ತಿದರೆ ನಾಟಿಂಗ್‌ಹ್ಯಾಂ ಎನ್ನುತ್ತಾರಲ್ಲ, ಅಲ್ಲೇನಿದೆ?

1970ರ ದಶಕದ ಕೊನೆಯಲ್ಲಿ ಬ್ರಯಾನ್ ಆನ್ಸೆಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ನ್ಯೂವಾರ್ಕ್ ಎಂಬ ಊರಿನಲ್ಲಿ ಸಿಟಾಡೆಲ್ ಮಿನಿಯೇಚರ್ಸ್ ಎಂಬ ಗೊಂಬೆ ತಯಾರಿಸುವ ಸಂಸ್ಥೆ ಶುರು ಮಾಡಿದರು. ಮುಂದೆ ಗೇಮ್ಸ್ ವರ್ಕ್‌ಶಾಪಿನ ನೆಲೆಯೂ ಹತ್ತಿರದ ನಾಟಿಂಗ್‌ಹ್ಯಾಂಗೆ ಬಂತು. ಅಲ್ಲಿ ಕೆಲಸ ಕಲಿತ ಶಿಲ್ಪಿಗಳು, ಎರಕದವರು ಹೊರಬಂದು ಸುತ್ತಮುತ್ತಲೇ ತಮ್ಮ ತಮ್ಮ ಸಂಸ್ಥೆ ಕಟ್ಟಿಕೊಂಡರು. ಆಗ ಗೊಂಬೆಗಳೆಲ್ಲ ಸೀಸದ ಮಿಶ್ರಲೋಹದವು, ಹಾಗಾಗಿ ಆ ಸೀಮೆಗೆ ‘ಲೆಡ್ ಬೆಲ್ಟ್’ ಎಂಬ ಅಡ್ಡಹೆಸರು ನಿಂತಿತು.

ಅಲ್ಲಿನ ಅವಳಿ ಸೋದರರಾದ ಅಲನ್ ಮತ್ತು ಮೈಕೆಲ್ ಪೆರಿ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. 1996ರಲ್ಲಿ ಹಳೆಯ ಕಾಳಗವೊಂದರ ಮರುಪ್ರದರ್ಶನದ ವೇಳೆ ನಡೆದ ಫಿರಂಗಿ ಅವಘಡದಲ್ಲಿ ಮೈಕೆಲ್ ತಮ್ಮ ಬಲಗೈ ಕಳೆದುಕೊಂಡರು. ಆಮೇಲೆ ಎಡಗೈಯಲ್ಲಿ ಕೆತ್ತುವುದನ್ನು ಹೊಸದಾಗಿ ಕಲಿತರು. ಇವತ್ತಿಗೂ ಪೆರಿ ಸೋದರರ ಗೊಂಬೆಗಳ ಗುಂಡಿ, ಪಟ್ಟಿ, ಚೀಲಗಳನ್ನು ಸಮವಸ್ತ್ರದ ಚರಿತ್ರೆ ಓದಿದವರು ನೆಚ್ಚಿ ನೋಡುತ್ತಾರೆ.

ಇಷ್ಟು ಚೆನ್ನಾಗಿ ಮಾಡುವವರು ಮುಚ್ಚಿಹೋಗುವುದೇಕೆ?

ಹಲವು ಸಲ ಬೆಳೆಯಲು ಹೋಗಿ. ಫ್ರಾನ್ಸಿನ ರಾಕ್‌ಹ್ಯಾಮ್ ಎಂಬ ಸಂಸ್ಥೆಯ ಲೋಹದ ಗೊಂಬೆಗಳನ್ನು ಕಂಡು ಒಂದು ತಲೆಮಾರಿನ ಬಣ್ಣಗಾರರು ಕುಂಚ ಹಿಡಿಯುವುದನ್ನೇ ಬದಲಿಸಿಕೊಂಡರು. ಹೆಚ್ಚು ಜನರನ್ನು ತಲುಪಬೇಕೆಂದು ಆ ಸಂಸ್ಥೆ ಮೊದಲೇ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಗೊಂಬೆಗಳ ಕಡೆ ಹೊರಳಿತು. ಹಚ್ಚುವ ಸುಖಕ್ಕೆಂದೇ ಕೊಳ್ಳುತ್ತಿದ್ದವರು ದೂರವಾದರು, ಹೊಸಬರು ಸಾಕಷ್ಟು ಬರಲಿಲ್ಲ. 2010ರಲ್ಲಿ ಬಾಗಿಲು ಹಾಕಿತು. ಪ್ಲಾಸ್ಟಿಕ್ಕಿನ ಲೆಕ್ಕಾಚಾರ ಸಾವಿರಾರು ಗಿರಾಕಿಗಳನ್ನು ಬೇಡುತ್ತದೆ, ಪ್ರೀಮಿಯಂ ಗೊಂಬೆಯನ್ನು ಮೆಚ್ಚುವವರು ಅಷ್ಟಿರುವುದಿಲ್ಲ. ನಾನು ಬಲ್ಲ ಗಟ್ಟಿ ಸಣ್ಣ ತಯಾರಕರೆಲ್ಲ ತಮ್ಮ ಗಿರಾಕಿಗಳ ಸಂಖ್ಯೆಯನ್ನು ಚೆನ್ನಾಗಿ ಅರಿತವರು.

ಉಳಿದ ಕಾರಣಗಳು ಸರಳ: ಶಿಲ್ಪಿಗೆ ಕಾಯಿಲೆ, ಎರಕದವರ ನಿವೃತ್ತಿ, ಅಂಚೆ ಮತ್ತು ಸುಂಕದ ಏರಿಕೆ. 2021ರ ಜುಲೈಯಲ್ಲಿ ಐರೋಪ್ಯ ಒಕ್ಕೂಟ 22 ಯೂರೋಗಿಂತ ಕಡಿಮೆ ಬೆಲೆಯ ಆಮದಿಗಿದ್ದ ತೆರಿಗೆ ವಿನಾಯಿತಿಯನ್ನು ತೆಗೆದಾಗ, ಹೊರಗಿನಿಂದ ಒಂದೊಂದೇ ಗೊಂಬೆಯ ಪೊಟ್ಟಣ ಕಳಿಸುತ್ತಿದ್ದವರಿಗೆ ಪ್ರತಿ ಪೊಟ್ಟಣಕ್ಕೂ ಕಾಗದಪತ್ರದ ಕೆಲಸ ಕೂಡಿಕೊಂಡಿತು.

ಕಿಕ್‌ಸ್ಟಾರ್ಟರ್‌ನಲ್ಲಿ ಮುಂಗಡ ಹಣ ಹಾಕಬಹುದೇ?

ಹಾಕಬಹುದು, ಆದರೆ ಅದು ಇನ್ನೂ ತಯಾರಾಗದ ವಸ್ತುವಿಗೆ ಜನರಿಂದ ಹಣ ಕೂಡಿಸುವ ಜಾಲತಾಣ, ಅಲ್ಲಿ ಹಾಕುವುದು ಖರೀದಿಯಲ್ಲ ಎಂಬ ಎಚ್ಚರ ಇರಲಿ. ಒಳ್ಳೆಯ ಉದಾಹರಣೆಗಳಿವೆ. ‘ಕಿಂಗ್‌ಡಮ್ ಡೆತ್: ಮಾನ್‌ಸ್ಟರ್’ ಎಂಬ ಆಟ 2012ರಲ್ಲಿ ಶುರುವಾದ ಮೊದಲ ಅಭಿಯಾನದಲ್ಲಿ 20 ಲಕ್ಷ ಡಾಲರ್ ದಾಟಿತು, 2016ರ ಕೊನೆಯಲ್ಲಿ ಶುರುವಾದ ಎರಡನೆಯದರಲ್ಲಿ 1.2 ಕೋಟಿ ಡಾಲರ್ ದಾಟಿತು. ಕೆಲವೇ ರೆಸಿನ್ ಗೊಂಬೆಗಳಿಂದ ಹೆಸರು ಮಾಡಿದ್ದವರು ಅಷ್ಟೆತ್ತರಕ್ಕೆ ಹೋದರು. ಅದೇ ಹೊತ್ತಿಗೆ, ನಾನು ಹಣ ಹಾಕಿದ ಒಂದು ಅಭಿಯಾನದಲ್ಲಿ ಚಿತ್ರಗಳು ಮಾತ್ರ ಸೊಗಸಾಗಿದ್ದವು. ಗೊಂಬೆಗಳು ಇನ್ನೂ ಕಂಪ್ಯೂಟರಿನ ಪರದೆಯಿಂದ ಇಳಿದೇ ಇರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದರು. ಮೂರು ವರ್ಷ ಕಾದೆ, ಕೊನೆಗೆ ಏನೂ ಬರಲಿಲ್ಲ. ಅಂದಿನಿಂದ ಒಂದೇ ಪ್ರಶ್ನೆ ಕೇಳುತ್ತೇನೆ: ಕೈಯಲ್ಲಿ ಹಿಡಿದ, ಎರಕ ಹೊಯ್ದ ಒಂದು ಪ್ರತಿಯ ಚಿತ್ರ ಇದೆಯೇ? ಇದ್ದರೆ ಹಾಕುತ್ತೇನೆ.

ದೊಡ್ಡ ಕಂಪನಿಯ ಸೈನಿಕರನ್ನು ಹೋಲುವ ಗೊಂಬೆ ಮಾಡುವುದು ಕಾನೂನುಬದ್ಧವೇ?

ಗಡಿ ಎಲ್ಲಿದೆ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಹೆಚ್ಚು ಚರ್ಚೆಯಾದದ್ದು ಚಾಪ್ಟರ್‌ಹೌಸ್ ಸ್ಟುಡಿಯೋಸ್ ಪ್ರಕರಣ. ಗೇಮ್ಸ್ ವರ್ಕ್‌ಶಾಪಿನ ‘ವಾರ್‌ಹ್ಯಾಮರ್ 40,000’ ಎಂಬ ಆಟದ ಗೊಂಬೆಗಳಿಗೆ ಕೂಡಿಸಬಹುದಾದ ಬಿಡಿಭಾಗಗಳನ್ನು ಮಾಡುತ್ತಿದ್ದ ಈ ಪುಟ್ಟ ಸಂಸ್ಥೆಯ ಮೇಲೆ ಗೇಮ್ಸ್ ವರ್ಕ್‌ಶಾಪ್ 2010ರಲ್ಲಿ ಶಿಕಾಗೋದ ನ್ಯಾಯಾಲಯದಲ್ಲಿ ದಾವೆ ಹೂಡಿತು. 2013ರ ತೀರ್ಪು ಇಬ್ಬರಿಗೂ ಹಂಚಿಹೋಯಿತು. ಕೆಲವು ವಸ್ತುಗಳಲ್ಲಿ ಉಲ್ಲಂಘನೆಯಾಗಿದೆ ಎಂದಿತು, ಉಳಿದ ಹಲವುಗಳಲ್ಲಿ ಆಗಿಲ್ಲ ಎಂದಿತು. ಪರಿಹಾರದ ಮೊತ್ತ 25,000 ಡಾಲರ್.

ಆ ವರ್ಷಗಳ ನಂತರ ದೊಡ್ಡ ಕಂಪನಿಯ ಪಡೆಗಳಿಗೆ ‘ಆಸ್ಟ್ರಾ ಮಿಲಿಟಾರಂ’ ಎಂಬಂಥ, ಬೇರೆಲ್ಲೂ ಇಲ್ಲದ, ಹಾಗಾಗಿ ತನ್ನದೆಂದು ಹಕ್ಕು ಹೇಳಬಲ್ಲ ಹೆಸರುಗಳು ಬಂದವು. ಸಣ್ಣವರಿಗೆ ನಾನು ಹೇಳುವುದಿಷ್ಟು: ‘ಇಂಥವರ ಬದಲಿ’ ಎಂದು ಮಾರುವ ಗೊಂಬೆ ಎಂದಿಗೂ ಇನ್ನೊಬ್ಬರ ನೆರಳಿನಲ್ಲೇ ಉಳಿಯುತ್ತದೆ. ನನ್ನ ಕಪಾಟಿನಲ್ಲಿ ಉಳಿದುಕೊಂಡವು ತಮ್ಮದೇ ಲೋಕದಿಂದ ಬಂದವು.

ಮನೆಯಲ್ಲೇ 3ಡಿ ಪ್ರಿಂಟರ್ ಇರುವಾಗ ಇವರೇಕೆ ಬೇಕು?

2018ರ ಆಸುಪಾಸಿನಲ್ಲಿ ಕೈಗೆಟಕುವ ಬೆಲೆಯ ರೆಸಿನ್ ಪ್ರಿಂಟರುಗಳು ಬಂದ ಮೇಲೆ ಲೋಕ ಬದಲಾಯಿತು, ನಿಜ. ಅವು ಪದರದ ಮೇಲೆ ಪದರವಾಗಿ ಗೊಂಬೆ ಕಟ್ಟುತ್ತವೆ, ಒಂದು ಪದರ 0.05 ಮಿ.ಮೀ. ಮಾತ್ರ. ತಿಂಗಳ ಚಂದಾ ಕಟ್ಟಿದರೆ ಹತ್ತಾರು ಗೊಂಬೆಗಳ ಕಂಪ್ಯೂಟರ್ ಕಡತಗಳು ಬರುತ್ತವೆ. ಎಷ್ಟೋ ಹಳೆಯ ಸಣ್ಣ ತಯಾರಕರು ಎರಕ ನಿಲ್ಲಿಸಿ ಕಡತ ಮಾರಲು ಹೊರಟರು, ಕೆಲವರು ಮೂಲಪ್ರತಿಯನ್ನು ಪ್ರಿಂಟ್ ಮಾಡಿ ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆಯುತ್ತಾರೆ.

ಪ್ರಿಂಟರು ಕಿತ್ತುಕೊಂಡದ್ದು ನಡುಮಟ್ಟದವರ ಜಾಗವನ್ನು. ‘ಗುರಾಣಿ ಹಿಡಿದ ಅಸ್ಥಿಪಂಜರ ಇಪ್ಪತ್ತು ಬೇಕು’ ಎಂದರೆ ಈಗ ಯಾರೂ ಅಂಚೆಗೆ ಕಾಯುವುದಿಲ್ಲ. ಆದರೆ ಯಂತ್ರ ಮನೆಗೆ ಬಂದರೂ ಕಣ್ಣು ಬರುವುದಿಲ್ಲ. ನನ್ನಲ್ಲಿ ಎಪಾಕ್ಸಿ ಪುಟ್ಟಿಯಲ್ಲಿ ಕೈಯಿಂದ ಮಾಡಿದ ಮೂಲದಿಂದ ಎರಕವಾದ ಒಬ್ಬಳು ಬೇಟೆಗಾರ್ತಿ ಇದ್ದಾಳೆ. ಅವಳ ಮೇಲಂಗಿಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ, ಒಳಬದಿಯಲ್ಲಿ ಯಾರಿಗೂ ಕಾಣದ ಕಡೆ, ಶಿಲ್ಪಿಯ ಬೆರಳಚ್ಚಿನ ನಾಲ್ಕು ಗೆರೆಗಳು ಕಾಣುತ್ತವೆ. ಅಲ್ಲಿಗೆ ಮಾತ್ರ ನಾನು ಬಣ್ಣವನ್ನು ಬಹಳ ತೆಳುವಾಗಿ ಹಚ್ಚಿದ್ದೇನೆ.

ಪ್ರಿಂಟ್ ಮಾಡುವವರು ಕೈಗವಸು ಹಾಕದೆ ಹಸಿ ರೆಸಿನ್ ಮುಟ್ಟಬೇಡಿ. ಚರ್ಮಕ್ಕೆ ಒಮ್ಮೆ ಅಲರ್ಜಿ ಅಂಟಿದರೆ ಜೀವಮಾನವಿಡೀ ಬಿಡದಿರಬಹುದು.

ಅದೇ ಗೊಂಬೆಯ ನಕಲು ಎರಕ ಮೂರನೇ ಒಂದು ಬೆಲೆಗೆ ಸಿಗುತ್ತದೆ. ಕೊಂಡರೆ ಯಾರಿಗೇನು ನಷ್ಟ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಕಲು ಮಾಡುವವರು ಒಂದು ಪ್ರತಿ ಕೊಂಡು ಅದರ ಮೇಲೆಯೇ ಅಚ್ಚು ತೆಗೆಯುತ್ತಾರೆ. ಕಲ್ಪನೆ, ಕೆತ್ತನೆ, ತಪ್ಪಿ ಬಿಸಾಡಿದ ಮೂಲಗಳು, ಯಾವುದರ ಖರ್ಚೂ ಅವರಿಗಿಲ್ಲ. ದೊಡ್ಡ ಕಂಪನಿಗೆ ನೂರು ನಕಲು ಲೆಕ್ಕಕ್ಕೇ ಬಾರದು. ಇನ್ನೂರು ಪ್ರತಿ ಮಾರಿ ಉಸಿರಾಡುವ ಶಿಲ್ಪಿಗೆ ಅದೇ ನೂರು ಎಂದರೆ ಮುಂದಿನ ಗೊಂಬೆ ಹುಟ್ಟದಿರುವುದು. ನಾನು ಕೊಳ್ಳುವುದಿಲ್ಲ. ಬೆಲೆ ಎಟುಕದಿದ್ದರೆ ಕಾಯುತ್ತೇನೆ, ಇಲ್ಲವೇ ಬೇರೆ ಹವ್ಯಾಸಿಯಿಂದ ಹಳೆಯದನ್ನು ಕೊಳ್ಳುತ್ತೇನೆ.

ನಾನೇ ಕೆತ್ತಿ ಮಾರಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಒಂದು ಗೊಂಬೆಯಿಂದ. ಹನ್ನೆರಡರ ಸಾಲು ಯೋಜಿಸಬೇಡಿ. ಪುಟ್ಟಿಯಲ್ಲೋ ಕಂಪ್ಯೂಟರಿನಲ್ಲೋ, ಒಗ್ಗಿದ ದಾರಿಯಲ್ಲಿ ಮಾಡಿ. ಪರದೆಯ ಮೇಲೆ ಕೆತ್ತುವವರು ಆಗಾಗ ಅದನ್ನು ನಿಜವಾದ ಅಳತೆಗೆ ಕುಗ್ಗಿಸಿ ನೋಡಬೇಕು, ಹಿಗ್ಗಿಸಿದಾಗ ಚೆಂದ ಕಂಡ ಕಸೂತಿ 32 ಮಿ.ಮೀ.ಗೆ ಇಳಿದಾಗ ಬರೀ ಒರಟುತನವಾಗುತ್ತದೆ. ಎರಕವನ್ನು ಮೊದಲು ಅನುಭವಿಗಳಿಗೆ ಕೊಡಿ. ಅವರು ಮೂಲವನ್ನು ನೋಡಿ ‘ಈ ಮೊಣಕೈ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ’ ಎಂದರೆ ವಾದಿಸದೆ ಕೇಳಿಸಿಕೊಳ್ಳಿ. ಮಾರಾಟದ ಚಿತ್ರಕ್ಕೆ ಬಳಸುವ ಗೊಂಬೆಗೆ ಬಣ್ಣ ಹಚ್ಚಲು ನಿಮಗಿಂತ ಚೆನ್ನಾಗಿ ಹಚ್ಚುವವರನ್ನು ಹುಡುಕಿ, ದುಡ್ಡು ಕೊಟ್ಟು ಮಾಡಿಸಿ. ಕೊಳ್ಳುವವರು ಮೊದಲು ನೋಡುವುದು ಅದನ್ನೇ.

ಲಂಡನ್ನಿನಲ್ಲಿ ಪ್ರತಿವರ್ಷ ನಡೆಯುವ ‘ಸಲ್ಯೂಟ್’ನಂಥ ಪ್ರದರ್ಶನಗಳಲ್ಲಿ ಸಣ್ಣ ತಯಾರಕರು ತಮ್ಮ ಮೇಜಿನ ಹಿಂದೆ ತಾವೇ ಕೂತಿರುತ್ತಾರೆ. ಹೋಗುವ ಅವಕಾಶವಾದರೆ ನಿಮ್ಮ ಮೊದಲ ಪ್ರತಿಯನ್ನು ಹತ್ತಿ ಸುತ್ತಿದ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಜನಸಂದಣಿ ಕಡಿಮೆಯಾಗುವ ಮಧ್ಯಾಹ್ನದ ಕೊನೆಯಲ್ಲಿ ಒಬ್ಬರ ಮುಂದೆ ಡಬ್ಬಿ ತೆರೆದು, ಎರಕದ ಬಗ್ಗೆ ಒಂದು ಪ್ರಶ್ನೆ ಕೇಳಿ. ಹಾಗೆ ಕೇಳಿದವರನ್ನು ಹಿಂದಕ್ಕೆ ಕಳಿಸಿದ ಶಿಲ್ಪಿಯನ್ನು ನಾನು ಇನ್ನೂ ಕಂಡಿಲ್ಲ. ಬಹಳ ಮಂದಿ ಮೊದಲು ಗೊಂಬೆಯನ್ನು ತಲೆಕೆಳಗು ಮಾಡಿ ಕಾಲಡಿಯನ್ನು ನೋಡುತ್ತಾರೆ.